ಕಿತ್ತೂರಿನಿಂದ ಮಾಚೇನಹಳ್ಳಿಗೆ: ಸಿ ಕ್ರಾಸ್ ಕಂಪೈಲರ್‌ಗಳ ನಲವತ್ತು ವರ್ಷ

ಎಪ್ಪತ್ತು, ಎಂಬತ್ತರ ದಶಕದ ಕಂಪ್ಯೂಟರುಗಳಿಗೆ ಇವತ್ತು ಕೂತು ಸಿ ಪ್ರೋಗ್ರಾಮ್ ಬರೆಯುವುದು ಹೊರದೇಶದ ನಿವೃತ್ತರ ಶೋಕಿ, ನಮ್ಮ ಹುಡುಗರಿಗೆ ಅದೆಲ್ಲ ಯಾಕೆ ಎಂದು ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳೆದುರು ಅತಿಥಿಯೊಬ್ಬರು ಹೇಳಿದರು. ಚಪ್ಪಾಳೆಯೂ ಬಿತ್ತು. ಅದೇ ಊರಿನ ಭದ್ರಾವತಿ ರಸ್ತೆಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇದೆ. ಅಲ್ಲಿನ ಫೌಂಡ್ರಿ, ಮೆಷಿನ್ ಶಾಪುಗಳ ಪ್ಯಾನೆಲ್ ಬಾಗಿಲು ತೆಗೆದರೆ ಇವತ್ತಿಗೂ 8051 ಮನೆತನದ ಚಿಪ್ ಕೂತ ಬೋರ್ಡು ಸಿಗುತ್ತದೆ: ತೂಕ ತೋರಿಸುವುದು, ಟೈಮರ್, ಎಣಿಕೆ, ಮೋಟಾರು ಕಾಯುವುದು. 8051 ಅನ್ನು ಇಂಟೆಲ್ ಹೊರತಂದದ್ದು 1980ರಲ್ಲಿ. ಹಾಗಾದರೆ ಅದು ಹಳೆಯ ಕಂಪ್ಯೂಟರೋ, ಈಗಿನ ಎಂಬೆಡೆಡ್ ಕಂಪ್ಯೂಟರೋ? ಅತಿಥಿಗಳು ಎಳೆದ ಗೆರೆ ನಮ್ಮೂರಿನ ಪ್ಯಾನೆಲ್ಲಿನೊಳಗೆ ಕಾಣುವುದಿಲ್ಲ. ಹಳೆಯ ಯಂತ್ರಕ್ಕೆ ಬರೆಯುವುದು, ಎಂಬೆಡೆಡ್ ಯಂತ್ರಕ್ಕೆ ಬರೆಯುವುದು, ಈ ಎರಡು ಕೆಲಸಗಳ ಉಪಕರಣವಾದ ಕ್ರಾಸ್ ಕಂಪೈಲರ್ ಒಂದೇ, ಕಷ್ಟವೂ ಒಂದೇ, ಚರಿತ್ರೆಯೂ ಒಂದೇ. ಆ ಚರಿತ್ರೆಯನ್ನು ಕನ್ನಡದಲ್ಲಿ ಒಮ್ಮೆ ಸಾಲಾಗಿ ಹೇಳಬೇಕು ಅನ್ನಿಸಿದ್ದು ಆ ಚಪ್ಪಾಳೆಯಿಂದ.

ಕಂಪೈಲರ್ ಓಡುವ ಯಂತ್ರ ಒಂದು, ಅದು ತಯಾರಿಸಿದ ಕೋಡ್ ಓಡುವ ಯಂತ್ರ ಇನ್ನೊಂದು ಆದರೆ ಅದು ಕ್ರಾಸ್ ಕಂಪೈಲರ್. ಒಂದು ಮನೆಯಲ್ಲಿ ಬುತ್ತಿ ಕಟ್ಟಿ ಇನ್ನೆಲ್ಲೋ ಉಣ್ಣುವ ಹಾಗೆ. ಉಣ್ಣುವ ಜಾಗದಲ್ಲಿ ಒಲೆ ಇಲ್ಲ, 128 ಬೈಟ್ ರ್‍ಯಾಮ್ ಇರುವ ಚಿಪ್ಪಿನೊಳಗೆ ಕಂಪೈಲರ್ ಕೂರುವುದಿಲ್ಲ. ಜನ ಕಂಪೈಲರ್ ಎಂದು ಒಂದೇ ಹೆಸರು ಹೇಳಿದರೂ ಒಳಗೆ ಇರುವುದು ಒಂದು ತಂಡ: ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿ ಲೈಬ್ರರಿ, ಮತ್ತು ಮೇನ್ ಫಂಕ್ಷನ್ ಶುರುವಾಗುವ ಮೊದಲು ಓಡುವ ಒಂದಿಷ್ಟು ಸ್ಟಾರ್ಟಪ್ ಕೋಡ್. ಇವೆಲ್ಲ ಸೇರಿ ಟೂಲ್‌ಚೈನ್. ನಮ್ಮಲ್ಲಿ ಮೊದಲನೆಯದನ್ನು ಪಾಠ ಮಾಡುತ್ತೇವೆ, ಕೊನೆಯ ಮೂರರ ಮೇಲೆ ಪರದೆ ಎಳೆಯುತ್ತೇವೆ.

ಆರಂಭದ ಕಥೆ ಬೇಗ ಮುಗಿಸಬಹುದು. ಸಿ ಭಾಷೆಯ ತವರಾದ ಯುನಿಕ್ಸ್ ಹುಟ್ಟಿದ್ದೇ ಪರಯಂತ್ರದಲ್ಲಿ. 1969ರಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7ಕ್ಕೆ ಬೇಕಾದ ಕೋಡನ್ನು ಜಿಇ-635 ಯಂತ್ರದ ಮೇಲೆ ಅಸೆಂಬಲ್ ಮಾಡಿ, ಕಾಗದದ ಟೇಪಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು. ಡೆನ್ನಿಸ್ ರಿಚಿ ಸಿ ಭಾಷೆಗೆ ರೂಪ ಕೊಟ್ಟದ್ದು 1972ರ ಸುಮಾರಿಗೆ, ಕರ್ನಿಘನ್ ಜೊತೆ ಬರೆದ ಪುಸ್ತಕ ಬಂದದ್ದು 1978ರಲ್ಲಿ. ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಬರೆದ ಪೋರ್ಟಬಲ್ ಕಂಪೈಲರ್ ಸಿಯನ್ನು ಯಂತ್ರದಿಂದ ಯಂತ್ರಕ್ಕೆ ದಾಟಿಸಬಹುದು ಎಂದು ತೋರಿಸಿತು. ಪ್ಲಾಗರ್ ಅವರ ವೈಟ್‌ಸ್ಮಿತ್ಸ್ ಕಂಪನಿ ಸಿ ಕಂಪೈಲರನ್ನು ವ್ಯಾಪಾರವಾಗಿಸಿತು. 8080 ಚಿಪ್ಪಿನ ಸಿಪಿ/ಎಂ ಯಂತ್ರಗಳಿಗೆ ಲಿಯರ್ ಜೋಲ್ಮನ್ 1979ರಲ್ಲಿ ಬಿಡಿಎಸ್ ಸಿ ತಂದರು. 2002ರಲ್ಲಿ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು. ರಾನ್ ಕೇನ್ ಅವರ ಸ್ಮಾಲ್ ಸಿ ಕಂಪೈಲರಿನ ಪೂರ್ತಿ ಮೂಲ ಕೋಡ್ 1980ರ ಮೇ ತಿಂಗಳಲ್ಲಿ ಡಾಕ್ಟರ್ ಡಾಬ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಇವುಗಳಲ್ಲಿ ದೀರ್ಘಾಯುಷಿ ಆದದ್ದು ಕೊನೆಯದು. ಇವತ್ತು ಝಡ್80 ಯಂತ್ರಗಳಿಗೆ ಎಲ್ಲರೂ ಬಳಸುವ ಝಡ್88ಡಿಕೆಯ ಮೂಲ ಕಂಪೈಲರ್ ಆ ಪತ್ರಿಕೆಯ ಪುಟಗಳ ಮೊಮ್ಮಗು.

ನಮ್ಮ ದೇಶಕ್ಕೆ ಈ ಚಿಪ್ಪುಗಳು ಎರಡು ಬಾಗಿಲಿನಿಂದ ಬಂದವು. ಒಂದು ಶಾಲೆಯ ಬಾಗಿಲು. 1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಕೊಟ್ಟಿತು. ಅದರೊಳಗೆ 6502 ಪ್ರೊಸೆಸರ್, 32 ಕೆಬಿ ರ್‍ಯಾಮ್. ಚಂಡೀಗಢದ ಪಕ್ಕದ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್, ಅಂದರೆ ಎಸ್‌ಸಿಎಲ್, ಈ ಯಂತ್ರವನ್ನು ಇಲ್ಲೇ ಜೋಡಿಸುತ್ತಿತ್ತು. ಬೇಸಿಕ್ ಕಲಿಸಲು ಬಂದ ಯಂತ್ರ ಅದು, ಸಿ ಯಾರೂ ಕಲಿಸಲಿಲ್ಲ.

ಇನ್ನೊಂದು ದೂರವಾಣಿಯ ಬಾಗಿಲು. ಇದು ಕರ್ನಾಟಕದ್ದೇ ಕಥೆ, ಆದರೂ ಕನ್ನಡದಲ್ಲಿ ಇದರ ತಾಂತ್ರಿಕ ಮುಖ ಯಾರೂ ಬರೆದಂತಿಲ್ಲ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಏರ್ ಕಂಡಿಷನರ್ ಇಲ್ಲದ ಕೋಣೆ, ದೂಳು, ಬಂದು ಹೋಗುವ ಕರೆಂಟು. ಅದರಲ್ಲೇ ಡಯಲ್ ಟೋನ್ ಬಂತು. ಆಮೇಲೆ ಬಂದ ದೊಡ್ಡ ಮ್ಯಾಕ್ಸ್ ಎಕ್ಸ್‌ಚೇಂಜುಗಳ ತಂತ್ರಾಂಶ ಬರೆದದ್ದು ಸಿಯಲ್ಲಿ. ಮೇಲಿನ ಹಂತದಲ್ಲಿ ಮೋಟೊರೋಲಾ 68000 ಮನೆತನದ ಪ್ರೊಸೆಸರುಗಳು, ಚಂದಾದಾರರ ಲೈನು ನೋಡಿಕೊಳ್ಳುವ ಕೆಳಗಿನ ಹಂತದಲ್ಲಿ 6502 ಮನೆತನದ 8 ಬಿಟ್ ಪ್ರೊಸೆಸರು. ಶಾಲೆಯ ಬಿಬಿಸಿ ಮೈಕ್ರೊದಲ್ಲಿ ಮಕ್ಕಳು ಪರದೆಯ ಮೇಲೆ ಆಮೆಯ ಚಿತ್ರ ಓಡಿಸುತ್ತಿದ್ದಾಗ ಅದೇ ವಂಶದ ಚಿಪ್ಪು ಊರಿನ ಫೋನು ಎತ್ತಿದ್ದನ್ನು ಗಮನಿಸುತ್ತಿತ್ತು. ಎಕ್ಸ್‌ಚೇಂಜಿನೊಳಗೆ ಕೂತು ಕಂಪೈಲ್ ಮಾಡುವವರು ಯಾರೂ ಇರಲಿಲ್ಲ. ಕೋಡ್ ಬೇರೆಡೆ ತಯಾರಾಗಿ, ಈಪ್ರಾಮಿನಲ್ಲೋ ಟೇಪಿನಲ್ಲೋ ಬರಬೇಕಿತ್ತು. ಅಂದರೆ ಕ್ರಾಸ್ ಕಂಪೈಲರ್ ಎಂಬ ಉಪಕರಣ ನಮ್ಮ ತಾಲ್ಲೂಕು ಊರುಗಳ ದಿನನಿತ್ಯದೊಳಗೆ ಬಂದು ನಲವತ್ತು ವರ್ಷವಾಗುತ್ತಾ ಬಂತು. ಶೋಕಿ ಎನ್ನುವವರು ಮೊದಲು ಈ ಲೆಕ್ಕ ಹಾಕಬೇಕು.

ನಮ್ಮ ತಲೆಮಾರು ಕಲಿತದ್ದು ಕಿಟ್ಟಿನ ಮೇಲೆ. ಬೆಂಗಳೂರಿನ ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್ ಅವರ ಕಿಟ್ಟುಗಳು ಕಾಲೇಜು ಕಾಲೇಜಿನಲ್ಲೂ ಇದ್ದವು; ಎಲ್ಲರ ಬಾಯಲ್ಲಿ ಅವು ಇಎಸ್ಎ ಕಿಟ್. 8085 ಪ್ರೊಸೆಸರ್, ಆರು ಅಂಕಿ ತೋರಿಸುವ ಕೆಂಪು ಡಿಸ್‌ಪ್ಲೇ, ಹೆಕ್ಸ್ ಕೀಬೋರ್ಡ್. ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಆಪ್‌ಕೋಡ್ ಹಾಕಿ, 3ಇ, ಸಿ3 ಎಂದು ಒಂದೊಂದೇ ಬೈಟ್ ಒತ್ತಬೇಕು. ಜಂಪ್ ಎಲ್ಲಿಗೆ ಹೋಗಬೇಕೋ ಆ ವಿಳಾಸ ನಾವೇ ಎಣಿಸಬೇಕು. ಮಧ್ಯೆ ಒಂದು ಸೂಚನೆ ಸೇರಿಸಿದರೆ ಕೆಳಗಿನ ವಿಳಾಸವೆಲ್ಲ ಮತ್ತೆ ಎಣಿಸಬೇಕು. ಈ ಬೇಸರದಲ್ಲಿ ಒಂದು ಲಾಭ ಇತ್ತು, ಲಿಂಕರ್ ಮಾಡುವ ಕೆಲಸ ಏನೆಂದು ಹೇಳಿಕೊಡಬೇಕಾಗಿರಲಿಲ್ಲ, ಅದನ್ನು ಕೈಯಿಂದ ಮಾಡಿದ್ದೆವು. ಆಮೇಲೆ ಪಿಸಿ ಬಂತು, ಪಿಸಿಯ ಮೇಲೆ ಓಡುವ ಕ್ರಾಸ್ ಅಸೆಂಬ್ಲರ್ ಬಂತು. ಅದು ಕೊಡುವ ಹೆಕ್ಸ್ ಫೈಲಿನ ಪ್ರತಿ ಸಾಲೂ ಕೋಲನ್‌ನಿಂದ ಶುರುವಾಗಿ ಚೆಕ್‌ಸಮ್ಮಿನಲ್ಲಿ ಮುಗಿಯುತ್ತದೆ. ಇವತ್ತಿನ ಆರ್ಡುಯಿನೊ ಕೂಡ ಒಳಗೊಳಗೆ ಅದೇ ಇಂಟೆಲ್ ಹೆಕ್ಸ್ ಫೈಲನ್ನು ಕಳಿಸುತ್ತದೆ. ಆ ಫೈಲನ್ನು 2764 ಈಪ್ರಾಮಿಗೆ ಬರ್ನ್ ಮಾಡಿ, ತಪ್ಪಿದರೆ ಅಲ್ಟ್ರಾವಯೊಲೆಟ್ ದೀಪದ ಕೆಳಗೆ ಇಪ್ಪತ್ತು ನಿಮಿಷ ಇಟ್ಟು ಅಳಿಸಿ, ಕಿಟಕಿಗೆ ಸ್ಟಿಕರ್ ಅಂಟಿಸಿ ಮತ್ತೆ ಬರ್ನ್ ಮಾಡುತ್ತಿದ್ದೆವು.

8051ಕ್ಕೆಂದೇ ಕಟ್ಟಿದ ಸಿ ಕಂಪೈಲರ್ ಬಂದದ್ದು ಜರ್ಮನಿಯ ಕೈಲ್ ಸಹೋದರರಿಂದ, 1988ರಲ್ಲಿ. ಕೈಲ್ ಸಿ51 ನಿಜಕ್ಕೂ ಒಳ್ಳೆಯ ಕೆಲಸ. ಆದರೆ ದುಡ್ಡು ಕೊಡದೆ ಸಿಗುವ ಆವೃತ್ತಿಗೆ 2 ಕೆಬಿ ಕೋಡಿನ ಮಿತಿ. ಆ 2 ಕೆಬಿಯೊಳಗೆ ನಮ್ಮ ರಾಜ್ಯದ ಎಷ್ಟು ಪ್ರಾಜೆಕ್ಟ್ ವರದಿಗಳು ತುರುಕಿಕೊಂಡಿವೆಯೋ. ಮಿತಿ ದಾಟಬೇಕಾದಾಗ ಏನಾಗುತ್ತಿತ್ತು ಎಂದು ಬಿಡಿಸಿ ಹೇಳುವ ಅಗತ್ಯ ಇಲ್ಲ, ಸಿಡಿ ಕೈಯಿಂದ ಕೈಗೆ ಓಡಾಡುತ್ತಿತ್ತು. 2005ರಲ್ಲಿ ಕೈಲ್ ಕಂಪನಿಯನ್ನು ಪ್ರೊಸೆಸರ್ ವಿನ್ಯಾಸ ಮಾಡುವ ಆರ್ಮ್ ಕೊಂಡುಕೊಂಡಿತು. ನಮ್ಮ ಲ್ಯಾಬುಗಳಲ್ಲಿ 8051 ಹೋಗಿ ಆರ್ಮ್7ರ ಎಲ್‌ಪಿಸಿ2148 ಬಂದಾಗಲೂ ತೆರೆದ ಕಿಟಕಿ ಅದೇ ಕೈಲ್, ಒತ್ತಿದ ಬಟನ್ ಅದೇ ಬಿಲ್ಡ್.

ಈ ಕ್ಷೇತ್ರದಲ್ಲಿ ನನ್ನ ಒಲವು ಯಾವ ಕಡೆ ಎಂದು ಮುಚ್ಚಿಡುವುದಿಲ್ಲ. 1999ರಲ್ಲಿ ಸಂದೀಪ್ ದತ್ತಾ ತಾವು ಬರೆದ ಎಸ್‌ಡಿಸಿಸಿ ಕಂಪೈಲರನ್ನು ಮೂಲ ಕೋಡ್ ಸಮೇತ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ನಾಲ್ಕೈದು ರಿಜಿಸ್ಟರಿನ ಬಡ ಚಿಪ್ಪುಗಳಿಗೆಂದೇ ಕಟ್ಟಿದ ಕಂಪೈಲರ್ ಇದು: ಮೊದಲು 8051, ಝಡ್80, ಆಮೇಲೆ ಪಿಕ್, ಎಸ್‌ಟಿಎಂ8 ಮುಂತಾದವು. ಜೊತೆಗೆ ಬರುವ ಅಸೆಂಬ್ಲರ್, ಲಿಂಕರ್ ಅಲನ್ ಬಾಲ್ಡ್‌ವಿನ್ ಅವರ ಹಳೆಯ ಕೆಲಸದ ಮೇಲೆ ನಿಂತಿವೆ. ಹೆಸರಾಂತ ಮುಕ್ತ ಕಂಪೈಲರ್ ಜಿಸಿಸಿ ಇದ್ದೂ ಇದು ಯಾಕೆ ಬೇಕಾಯಿತು? ಜಿಸಿಸಿ ಹುಟ್ಟಿದ್ದು ಸಾಕಷ್ಟು ರಿಜಿಸ್ಟರ್ ಇರುವ, ಎಲ್ಲ ಮೆಮೊರಿಯೂ ಒಂದೇ ತೆರನಾದ ಯಂತ್ರಗಳಿಗೆ. 8051, ಝಡ್80, 6502, ಈ ಮೂರಕ್ಕೂ ಅದರ ಮುಖ್ಯ ಆವೃತ್ತಿಯಲ್ಲಿ ಜಾಗವೇ ಇಲ್ಲ. ಜಗತ್ತಿನ ಎಲ್ಲೆಡೆ ಹಂಚಿಹೋದ ಚಿಪ್ಪುಗಳನ್ನು ಇಷ್ಟು ದೊಡ್ಡ ಮುಕ್ತ ಕಂಪೈಲರ್ ಮುಟ್ಟಿಲ್ಲ ಅಂದರೆ ಈ ಸಣ್ಣ ಯೋಜನೆಗಳ ತೂಕ ಗೊತ್ತಾಗುತ್ತದೆ.

8051ಕ್ಕೆ ಸಿ ಹೊಂದಿಸುವುದು ಯಾಕೆ ಕಷ್ಟ ಎಂದು ಸ್ವಲ್ಪ ನಿಂತು ನೋಡಬೇಕು. ಸಿ ಭಾಷೆ ಸ್ಟ್ಯಾಕ್ ಇದೆ ಎಂದೇ ಹೊರಡುತ್ತದೆ. ಫಂಕ್ಷನ್ ಕರೆದಾಗಲೆಲ್ಲ ಅದರ ಒಳಗಿನ ವೇರಿಯಬಲ್‌ಗಳಿಗೆ ಸ್ಟ್ಯಾಕಿನಲ್ಲಿ ಹೊಸ ಜಾಗ. 8051ರ ಸ್ಟ್ಯಾಕ್ ಇರುವುದು ಅದರ ಒಳ ರ್‍ಯಾಮಿನಲ್ಲಿ, ಅದು 128 ಬೈಟ್, ಅದರಲ್ಲೇ ರಿಜಿಸ್ಟರ್ ಬ್ಯಾಂಕುಗಳೂ ಬಿಟ್ ವೇರಿಯಬಲ್ಲುಗಳೂ ಇರಬೇಕು. ಹಾಗಾಗಿ ಕೈಲ್, ಎಸ್‌ಡಿಸಿಸಿ ಎರಡೂ ಒಂದೇ ಉಪಾಯ ಮಾಡಿವೆ: ವೇರಿಯಬಲ್‌ಗಳಿಗೆ ಮೊದಲೇ ಖಾಯಂ ಜಾಗ ಕೊಡುವುದು, ಒಟ್ಟಿಗೆ ಓಡದ ಫಂಕ್ಷನ್‌ಗಳಿಗೆ ಅದೇ ಜಾಗ ಹಂಚುವುದು. ಇದರ ಪರಿಣಾಮ ಏನೆಂದರೆ, ರೀಎಂಟ್ರಂಟ್ ಎಂದು ಹೇಳದೆ ಬರೆದ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವಂತಿಲ್ಲ. ಮೇನ್ ಕರೆಯುವ ಫಂಕ್ಷನ್ನನ್ನೇ ಇಂಟರಪ್ಟಿನಿಂದಲೂ ಕರೆದರೆ ಯಾವಾಗಲೋ ಒಮ್ಮೆ ಲೆಕ್ಕ ತಪ್ಪುತ್ತದೆ. ದಿನಕ್ಕೊಮ್ಮೆ ತಪ್ಪು ತೂಕ ತೋರಿಸುವ ಯಂತ್ರ ಇಂಥ ಕಡೆಯಿಂದ ಹುಟ್ಟುತ್ತದೆ, ಅದನ್ನು ಹಿಡಿಯುವುದು ಪ್ರಾಣಸಂಕಟ. ಪಿಸಿಯ ಸಿ ಪುಸ್ತಕದಲ್ಲಿ ಈ ಮಾತು ಸಿಗುವುದಿಲ್ಲ.

ಟರ್ಬೊ ಸಿ ನಮ್ಮಲ್ಲಿ ಮಾಡಿದ ಉಪಕಾರ, ಅಪಕಾರ ಎರಡೂ ದೊಡ್ಡವು. 1987ರ ಆ ಕಂಪೈಲರನ್ನು ಈಗಲೂ ಡಾಸ್‌ಬಾಕ್ಸ್ ಒಳಗೆ ನೀಲಿ ಪರದೆಯಲ್ಲಿ ಓಡಿಸುವ ಲ್ಯಾಬುಗಳಿವೆ. ಇಂಟ್ ಎಷ್ಟು ಬೈಟ್ ಎಂದು ಕೇಳಿದರೆ ಎರಡು ಎಂದು ಉತ್ತರ ಬರುತ್ತದೆ. 8051, ಆರ್ಡುಯಿನೊದ ಎವಿಆರ್, 6502 ಕಂಪೈಲರುಗಳಲ್ಲಿ ಆ ಉತ್ತರ ಸರಿ, ಆರ್ಮ್‌ನಲ್ಲಿ ತಪ್ಪು, ವಿದ್ಯಾರ್ಥಿಗೆ ಎರಡೂ ಯಾಕೆಂದು ಗೊತ್ತಿಲ್ಲ. ಇದಕ್ಕಿಂತ ಅಪಾಯದ್ದು ಕ್ಯಾರ್. ಪಿಸಿಯ ಜಿಸಿಸಿಯಲ್ಲಿ ಅದು ಋಣಸಂಖ್ಯೆ ಹಿಡಿಯುತ್ತದೆ; ಆರ್ಮ್‌ನ ಜಿಸಿಸಿಯಲ್ಲಿ, ನೀವು ಬೇರೆ ಹೇಳದಿದ್ದರೆ, ಹಿಡಿಯುವುದಿಲ್ಲ. ಮೈನಸ್ ಒಂದು ಬಂತೇ ಎಂದು ಕಾಯುವ ಲೂಪ್ ಪಿಸಿಯಲ್ಲಿ ನಿಲ್ಲುತ್ತದೆ, ಬೋರ್ಡಿನಲ್ಲಿ ನಿಲ್ಲುವುದೇ ಇಲ್ಲ. ಭಾಷೆ ಒಂದೇ, ಅದರ ಅರ್ಥದ ಒಂದು ಪಾಲನ್ನು ಗುರಿಯಂತ್ರ ನಿರ್ಧರಿಸುತ್ತದೆ. ಕ್ರಾಸ್ ಕಂಪೈಲರ್ ಹೊಂದಿಸುವವನು ಮೊದಲು ಒಪ್ಪಬೇಕಾದ ಸಂಗತಿ ಇದು.

ಜಿಸಿಸಿಯ ಕಡೆಗೆ ಬರೋಣ. ಮುಕ್ತ ತಂತ್ರಾಂಶ ಚಳವಳಿಯ ಸ್ಟಾಲ್‌ಮನ್ ಅದನ್ನು ಹೊರಬಿಟ್ಟದ್ದು 1987ರಲ್ಲಿ. ಅದನ್ನು ಎಂಬೆಡೆಡ್ ಜಗತ್ತಿಗೆ ತಂದವರು 1989ರಲ್ಲಿ ಹುಟ್ಟಿದ ಸಿಗ್ನಸ್ ಕಂಪನಿಯವರು; ಆಪರೇಟಿಂಗ್ ಸಿಸ್ಟಮ್ ಇಲ್ಲದ ಬೋರ್ಡಿಗೂ ಸಿ ಲೈಬ್ರರಿ ಬೇಕಲ್ಲ, ಆ ನ್ಯೂಲಿಬ್ ಅವರ ಕೊಡುಗೆ. ಗುರಿಯಂತ್ರಕ್ಕೆ ಮೂರು ತುಂಡಿನ ಹೆಸರು ಇಡುವ ರೂಢಿ ಇಲ್ಲಿಂದಲೇ ಗಟ್ಟಿಯಾಯಿತು: ಆರ್ಮ್-ನನ್-ಇಎಬಿಐ ಅಂದರೆ ಪ್ರೊಸೆಸರ್ ಆರ್ಮ್, ಆಪರೇಟಿಂಗ್ ಸಿಸ್ಟಮ್ ಇಲ್ಲ, ಫಂಕ್ಷನ್ ಕರೆಯುವ ಕಟ್ಟಳೆ ಇಂಥದ್ದು. ಕೈಯಿಂದ ಕಟ್ಟುವುದಾದರೆ ಕ್ರಮ ಇದೆ. ಮೊದಲು ಬೈನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್. ಆಮೇಲೆ ಲೈಬ್ರರಿ ಇಲ್ಲದ ಬೋಳು ಜಿಸಿಸಿ. ಆ ಬೋಳು ಕಂಪೈಲರಿನಿಂದ ನ್ಯೂಲಿಬ್. ಅದು ಆದ ಮೇಲೆ ಪೂರ್ತಿ ಜಿಸಿಸಿ ಇನ್ನೊಮ್ಮೆ. ಲೈಬ್ರರಿಗೆ ಕಂಪೈಲರ್ ಬೇಕು, ಕಂಪೈಲರಿಗೆ ಲೈಬ್ರರಿ ಬೇಕು ಎಂಬ ಗಂಟನ್ನು ಹೀಗೆ ಎರಡು ಸುತ್ತಿನಲ್ಲಿ ಬಿಚ್ಚುತ್ತಾರೆ. ಈಗ ಕ್ರಾಸ್‌ಟೂಲ್-ಎನ್‌ಜಿ ಎಂಬ ಸಾಧನ ಇದನ್ನೆಲ್ಲ ತಾನೇ ಮಾಡುತ್ತದೆ, ಇನ್ನೂ ಸುಲಭವಾಗಿ ಆರ್ಮ್‌ನವರು ಕಟ್ಟಿದ್ದನ್ನೇ ಇಳಿಸಿಕೊಳ್ಳಬಹುದು. ಆದರೂ ಒಮ್ಮೆಯಾದರೂ ಕೈಯಿಂದ ಕಟ್ಟಿದವನಿಗೂ ಕಟ್ಟದವನಿಗೂ ವ್ಯತ್ಯಾಸ ಇದೆ, ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಅದು ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಈ ಹಾದಿಯ ದೊಡ್ಡ ಕೆಲಸ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ 1999ರಲ್ಲಿ ಟ್ರಸ್ಟ್ ಕಟ್ಟಿದರು, 2001ರಲ್ಲಿ ಮಾದರಿ ತೋರಿಸಿದರು, 2004ರಲ್ಲಿ ಬಿಇಎಲ್ ಜೊತೆ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಒಳಗೆ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಅಂಗೈಯಗಲದ ಆ ಯಂತ್ರಕ್ಕೆ ಕೋಡ್ ತಯಾರಾಗುತ್ತಿದ್ದದ್ದು ಮೇಜಿನ ಮೇಲಿನ ಪಿಸಿಯಲ್ಲಿ. ಓದಲು ಬಾರದವರಿಗೂ ಯಂತ್ರ ಮಾತಾಡಿ ಹೇಳಬೇಕೆಂದು ರಮೇಶ್ ಹರಿಹರನ್ ಅವರ ತಂಡ ಸಿಯಲ್ಲಿ ಬರೆದ ಧ್ವನಿ ಎಂಬ ತಂತ್ರಾಂಶ ಹಿಂದಿ, ಕನ್ನಡ ಪಠ್ಯವನ್ನು ಉಚ್ಚರಿಸುತ್ತಿತ್ತು. ಪತ್ರಿಕೆಗಳು ಆಮೇಲೆ ಎಷ್ಟು ಮಾರಾಟವಾಯಿತು ಎಂದು ಎಣಿಸಿ ಸಿಂಪ್ಯೂಟರ್ ಸೋತಿತು ಎಂದು ಬರೆದವು. ಮಾರಾಟದ ಲೆಕ್ಕ ಅವರದ್ದು ಸರಿಯೇ. ಆದರೆ ಆರ್ಮ್ ಮೇಲೆ ಲಿನಕ್ಸ್ ಇರಿಸಿ, ಟೂಲ್‌ಚೈನ್ ಹೊಂದಿಸಿ, ಕನ್ನಡವನ್ನು ಮಾತಾಡಿಸಿದ ಕೆಲಸ ಆಂಡ್ರಾಯ್ಡ್ ಫೋನು ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಬೆಂಗಳೂರಿನಲ್ಲಿ ಆಗಿತ್ತು ಎಂಬುದನ್ನು ಎಣಿಸಿದವರು ಕಡಿಮೆ. ಧ್ವನಿ ಮಾತ್ರ ಬದುಕಿತು, ಮೂಲ ಕೋಡ್ ತೆರೆದಿದ್ದರಿಂದ ಮುಂದೆ ಸಂತೋಷ್ ತೊಟ್ಟಿಂಗಲ್ ಅದನ್ನು ಬೇರೆ ಭಾರತೀಯ ಭಾಷೆಗಳಿಗೂ ಬೆಳೆಸಿದರು.

2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಬಗ್ಗೆ ನನಗೆ ಎರಡು ಮನಸ್ಸು. ಒಳಗೆ ಇರುವುದು ಎವಿಆರ್ ಜಿಸಿಸಿಯೇ, 32 ಕೆಬಿ ಫ್ಲ್ಯಾಶ್, 2 ಕೆಬಿ ರ್‍ಯಾಮ್ ಇರುವ ಎಟಿಮೆಗಾ328. ಮಲೆನಾಡಿನ ಹುಡುಗರು ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರು, ಅಡಿಕೆ ಒಣಗಿಸುವ ಕೋಣೆಯ ಉಷ್ಣಾಂಶ ಎಂದು ಅದರಲ್ಲಿ ಏನೇನೋ ಮಾಡಿದ್ದಾರೆ, ಅದು ಸಂತೋಷ. ಆದರೆ ಅದು ಲಿಂಕರನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಿತೆಂದರೆ ಒಂದು ತಲೆಮಾರಿಗೆ ಲಿಂಕರ್ ಇದೆ ಎಂಬುದೇ ಗೊತ್ತಾಗಲಿಲ್ಲ.

ಲಿಂಕರ್ ಅಂದರೆ ಏನೆಂದು ತೋರಿಸಲು ಹಳೆಯ ಯಂತ್ರದಂಥ ಗುರು ಇಲ್ಲ. ಮೇಲೆ ಹೇಳಿದ ಶಾಲೆಯ ಬಿಬಿಸಿ ಮೈಕ್ರೊವನ್ನೇ ತೆಗೆದುಕೊಳ್ಳಿ. ಅದಕ್ಕೆ ಸಿ ಬರೆಯಬೇಕೆಂದರೆ ಸಿಸಿ65 ಇದೆ. ಅಟಾರಿ ಯಂತ್ರಕ್ಕೆಂದು ಜಾನ್ ಡನ್ನಿಂಗ್ ಬರೆದ ಕಂಪೈಲರನ್ನು 1998ರಿಂದ ಉಲ್ರಿಚ್ ಫಾನ್ ಬಾಸೆವಿಟ್ಜ್ ಬೆಳೆಸಿದರು, 2013ರ ನಂತರ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಕಮೊಡೋರ್, ಅಟಾರಿ, ಆಪಲ್ 2ಕ್ಕೆ ಅದರಲ್ಲಿ ಪೂರ್ತಿ ಲೈಬ್ರರಿ ಸಿದ್ಧವಾಗಿದೆ. ಬಿಬಿಸಿ ಮೈಕ್ರೊಗೆ ಅಷ್ಟು ತಯಾರಿಯಿಲ್ಲ. ಆ ಕೊರತೆಯೇ ಪಾಠ. 6502ರ ಸ್ಟ್ಯಾಕ್ 256 ಬೈಟ್ ಮಾತ್ರ, ಅದರ ಜಾಗವೂ ಖಾಯಂ. ಹಾಗಾಗಿ ಸಿಸಿ65 ರ್‍ಯಾಮಿನಲ್ಲಿ ತನ್ನದೇ ಒಂದು ಸ್ಟ್ಯಾಕ್ ಕಟ್ಟಿಕೊಂಡು, ಅದರ ತುದಿಯ ವಿಳಾಸವನ್ನು ಜೀರೊ ಪೇಜಿನಲ್ಲಿ, ಅಂದರೆ ಮೆಮೊರಿಯ ಮೊದಲ 256 ಬೈಟಿನಲ್ಲಿ, ಇಡುತ್ತದೆ. ಅದಕ್ಕೂ ಇತರ ಕೆಲಸಕ್ಕೂ ಜೀರೊ ಪೇಜಿನಲ್ಲಿ ಸುಮಾರು 26 ಬೈಟ್ ಬೇಕು. ಬಿಬಿಸಿ ಬೇಸಿಕ್ ಬಳಕೆದಾರನಿಗೆಂದು ಬಿಟ್ಟಿರುವುದು ಹೆಕ್ಸ್ 70ರಿಂದ 8ಎಫ್‌ವರೆಗೆ, 32 ಬೈಟ್. ಸರಿಯಾಗಿ ಹಿಡಿಯುತ್ತದೆ. ಇನ್ನು ಪ್ರೋಗ್ರಾಮಿನ ಜಾಗ. ಡಿಸ್ಕ್ ಇರುವ ಯಂತ್ರದಲ್ಲಿ ಹೆಕ್ಸ್ 1900ರಿಂದ ಖಾಲಿ. ಮೋಡ್ 7ರಲ್ಲಿ ಪರದೆಯ ಮೆಮೊರಿ ಶುರುವಾಗುವುದು ಹೆಕ್ಸ್ 7ಸಿ00ರಲ್ಲಿ. ನಡುವೆ 25,344 ಬೈಟ್. ಕೋಡ್, ಡೇಟಾ, ಸ್ಟ್ಯಾಕ್ ಎಲ್ಲ ಅದರೊಳಗೆ. ಈ ನಾಲ್ಕು ಸಂಖ್ಯೆಗಳನ್ನು ಲಿಂಕರಿನ ಕಾನ್ಫಿಗರೇಷನ್ ಫೈಲಿನಲ್ಲಿ ನೀವೇ ಬರೆಯಬೇಕು. ಅಕ್ಷರ ಮೂಡಿಸಬೇಕಾದರೆ ಯಂತ್ರದ ರೋಮ್‌ನ ಹೆಕ್ಸ್ ಎಫ್‌ಎಫ್‌ಇಇಯಲ್ಲಿರುವ ರೂಟೀನನ್ನು ಕರೆಯುವ ಮೂರ್ನಾಲ್ಕು ಸಾಲಿನ ಅಸೆಂಬ್ಲಿ ಕೂಡ ನೀವೇ ಬರೆಯಬೇಕು. ಅಷ್ಟು ಮಾಡಿದರೆ ಸಿಯಲ್ಲಿ ಬರೆದ ಅಕ್ಷರ ಪರದೆಯ ಮೇಲೆ ಬರುತ್ತದೆ. ಯಂತ್ರ ಕೈಯಲ್ಲಿ ಇಲ್ಲದಿದ್ದರೆ ಎಮ್ಯುಲೇಟರ್ ಸಾಕು. ಇಷ್ಟು ಒಂದು ಮಧ್ಯಾಹ್ನ ಮಾಡಿದ ವಿದ್ಯಾರ್ಥಿಗೆ ಮರುದಿನ ಆರ್ಮ್ ಕಾರ್ಟೆಕ್ಸ್ ಬೋರ್ಡಿನ ಲಿಂಕರ್ ಸ್ಕ್ರಿಪ್ಟ್ ಕೊಟ್ಟರೆ ಹೆದರುವುದಿಲ್ಲ, ಅಲ್ಲಿರುವುದೂ ಇದೇ: ಫ್ಲ್ಯಾಶ್ ಎಲ್ಲಿಂದ ಎಲ್ಲಿಗೆ, ರ್‍ಯಾಮ್ ಎಲ್ಲಿಂದ ಎಲ್ಲಿಗೆ.

ಈ ತಿಳಿವಳಿಕೆ ಇಲ್ಲದೆ ಆಗುವ ಯಡವಟ್ಟುಗಳು ಲ್ಯಾಬಿನಲ್ಲಿ ದಿನವೂ ಕಾಣುತ್ತವೆ. 8051 ಕಿಟ್ಟಿನಲ್ಲಿ ಮೊದಲ ವಿಳಾಸಗಳಲ್ಲಿ ಕಿಟ್ಟಿನದೇ ಮಾನಿಟರ್ ಪ್ರೋಗ್ರಾಮ್ ಕೂತಿರುತ್ತದೆ, ನಮ್ಮ ಕೋಡ್ ಮೇಲಿನ ರ್‍ಯಾಮಿಗೆ, ಹೆಕ್ಸ್ 8000ಕ್ಕೋ ಮತ್ತೆಲ್ಲಿಗೋ ಇಳಿಯಬೇಕು. ಕಂಪೈಲರ್ ಮಾತ್ರ ಸೊನ್ನೆಯಿಂದ ಎಂದೇ ತಿಳಿದಿರುತ್ತದೆ. ಎಸ್‌ಡಿಸಿಸಿಗೆ ಕೋಡ್-ಲಾಕ್ ಎಂಬ ಒಂದು ಆಯ್ಕೆ ಕೊಟ್ಟರೆ ಮುಗಿಯಿತು. ಅದು ಗೊತ್ತಿಲ್ಲದೆ ಕಿಟ್ಟು ಕೆಟ್ಟಿದೆ ಎಂದು ಕಪಾಟು ಸೇರಿಸಿದ್ದನ್ನು ಕಂಡಿದ್ದೇನೆ. ಆರ್ಮ್ ಬೋರ್ಡಿನಲ್ಲಿ ಇನ್ನೊಂದು ತರಹ: ಗ್ಲೋಬಲ್ ವೇರಿಯಬಲ್‌ಗೆ ಹತ್ತು ಎಂದು ಬೆಲೆ ಕೊಟ್ಟಿರುತ್ತಾರೆ, ಓಡಿಸಿದರೆ ಕಸ ಬರುತ್ತದೆ. ಆ ಹತ್ತು ಇರುವುದು ಫ್ಲ್ಯಾಶಿನಲ್ಲಿ, ವೇರಿಯಬಲ್ ಇರುವುದು ರ್‍ಯಾಮಿನಲ್ಲಿ. ಮೇನ್ ಶುರುವಾಗುವ ಮೊದಲು ಯಾರಾದರೂ ಅದನ್ನು ನಕಲು ಮಾಡಬೇಕು, ಬೆಲೆ ಕೊಡದ ವೇರಿಯಬಲ್‌ಗಳನ್ನು ಸೊನ್ನೆ ಮಾಡಬೇಕು. ಆ ಯಾರೋ ಒಬ್ಬನೇ ಸ್ಟಾರ್ಟಪ್ ಕೋಡ್. ಎಲ್ಲಿಂದಲೋ ಎತ್ತಿದ ಪ್ರಾಜೆಕ್ಟಿನಲ್ಲಿ ಅದು ಬಿಟ್ಟುಹೋಗಿರುತ್ತದೆ.

ಕನ್ನಡಕ್ಕೆ ಸಂಬಂಧಿಸಿದ ಒಂದು ಲೆಕ್ಕವನ್ನೂ ಇಲ್ಲೇ ಹಾಕಿಬಿಡುತ್ತೇನೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಶಿವಮೊಗ್ಗ ಎಂದು ಬರೆದರೆ ಎಂಟು ಸಂಕೇತ, 24 ಬೈಟ್. 8051ರ 128 ಬೈಟಿನಲ್ಲಿ ಇದು ಐದನೇ ಒಂದು ಪಾಲಿನ ಹತ್ತಿರ. ಕೋಡ್ ಮೆಮೊರಿಯಲ್ಲಿಡು ಎಂದು ಒಂದು ಪದ ಸೇರಿಸಿದರೆ ರ್‍ಯಾಮ್ ಉಳಿಯುತ್ತದೆ. ಆದರೆ ಎರಡು ಸಾಲಿನ ಮಾಮೂಲಿ ಎಲ್‌ಸಿಡಿಯಲ್ಲಿ ನಾವೇ ಬಿಡಿಸಬಹುದಾದ ಅಕ್ಷರಗಳು ಒಮ್ಮೆಗೆ ಎಂಟು ಮಾತ್ರ, ಒಂದೊಂದೂ ಐದು ಚುಕ್ಕೆ ಅಗಲ. ಒತ್ತಕ್ಷರ ಅದರಲ್ಲಿ ಉಸಿರಾಡುವುದಿಲ್ಲ. ಸಿಂಪ್ಯೂಟರ್ ಇಪ್ಪತ್ತು ವರ್ಷದ ಹಿಂದೆ ಕನ್ನಡದಲ್ಲಿ ಮಾತಾಡಿತ್ತು, ಇವತ್ತು ನಮ್ಮೂರಿನ ಬಹುತೇಕ ಪ್ಯಾನೆಲ್ಲುಗಳು ಇಂಗ್ಲಿಷಿನಲ್ಲಿ ಎರರ್ ಎನ್ನುತ್ತವೆ, ಆಪರೇಟರ್ ಮೇಸ್ತ್ರಿಯನ್ನು ಕರೆಯುತ್ತಾನೆ.

ಬೆಂಗಳೂರಿನಲ್ಲಿ ಕಂಪೈಲರ್ ಪಾಂಡಿತ್ಯ ಕಡಿಮೆಯೇನಲ್ಲ. ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಹೊರಟದ್ದು, 2002ರಲ್ಲಿ. ಅದೇ ಸಂಸ್ಥೆಯ ಉದಯ್ ಬೊಂಡುಗುಲ ಅವರ ಕಂಪೈಲರ್ ಕೆಲಸ ಜಗತ್ತಿಗೇ ಗೊತ್ತು. ಮುಂಬಯಿಯ ಐಐಟಿಯಲ್ಲಿ ಉದಯ್ ಖೇಡ್ಕರ್ ಜಿಸಿಸಿಯ ಒಳಗನ್ನು ತೆರೆದು ತೋರಿಸುವ ಕಾರ್ಯಾಗಾರಗಳನ್ನೇ ನಡೆಸಿದರು. ಆದರೆ ಸಂಶೋಧನೆಯ ಕಣ್ಣು ದೊಡ್ಡ ಯಂತ್ರಗಳ ಮೇಲೆ, ಈಗಂತೂ ಜಿಪಿಯು ಮೇಲೆ. 2 ಕೆಬಿಯ ಲೋಕಕ್ಕೆ ಪ್ರಬಂಧ ಸಿಗುವುದಿಲ್ಲ ಎಂದು ಅವರು ಆ ಕಡೆ ಬರುವುದಿಲ್ಲ. ಆ ಲೋಕ ಉಳಿದಿರುವುದು ಬಳಕೆದಾರರ ಹಟದಿಂದ. ಜಿಸಿಸಿ ತನ್ನ ಒಂದು ಹಳೆಯ ಒಳವ್ಯವಸ್ಥೆಯನ್ನು ಕಿತ್ತುಹಾಕಲು ನಿರ್ಧರಿಸಿದಾಗ ಅದನ್ನೇ ನೆಚ್ಚಿದ್ದ 68000 ಮತ್ತು ಎವಿಆರ್ ಎರಡೂ ಬಿದ್ದುಹೋಗುವುದರಲ್ಲಿದ್ದವು. 2020ರ ಆಸುಪಾಸಿನಲ್ಲಿ ಬಳಕೆದಾರರು ಕೈಯಿಂದ ದುಡ್ಡು ಕೂಡಿಸಿ ಬಹುಮಾನ ಇಟ್ಟರು. ಪರಿಣತರು ಎರಡನ್ನೂ ಹೊಸ ವ್ಯವಸ್ಥೆಗೆ ದಾಟಿಸಿದರು. ಒಂದು ಹಳೆಯ ಅಮೀಗಾ ಕಂಪ್ಯೂಟರ್ ಪ್ರಿಯರ ಚಿಪ್ಪು, ಇನ್ನೊಂದು ಆರ್ಡುಯಿನೊ ಚಿಪ್ಪು. ಶೋಕಿಯವರು, ಕೆಲಸದವರು ಒಂದೇ ಬಗೆಯ ಹುಂಡಿಗೆ ದುಡ್ಡು ಹಾಕಿದ್ದು ಹೀಗೆ. 6502ಕ್ಕೆ ಇನ್ನೊಂದು ಮುಕ್ತ ಕಂಪೈಲರಾದ ಎಲ್‌ಎಲ್‌ವಿಎಂ ಮೇಲೆ ಕಟ್ಟಿದ ಎಲ್‌ಎಲ್‌ವಿಎಂ-ಮಾಸ್ ಕೂಡ ಇಂಥದ್ದೇ ಹಟದ ಫಲ.

ಈಗ ಗಾಳಿ ಬೀಸುತ್ತಿರುವುದು ರಿಸ್ಕ್-ಫೈವ್ ಎಂಬ ಪ್ರೊಸೆಸರ್ ಸೂಚನಾಪಟ್ಟಿಯ ಕಡೆಗೆ. ಮದ್ರಾಸ್ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗಾ ಎರಡೂ ಅದೇ ಸೂಚನಾಪಟ್ಟಿಯವು, ಎರಡಕ್ಕೂ ಜಿಸಿಸಿ ಸಿಗುತ್ತದೆ. ಹತ್ತು ಸೆಂಟಿನ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಂದ 16 ಕೆಬಿ ಫ್ಲ್ಯಾಶ್, 2 ಕೆಬಿ ರ್‍ಯಾಮಿನ ಚೀನೀ ಚಿಪ್ಪೂ ಅದೇ ಮನೆತನದ್ದು, ಅಂದರೆ ಹೊಸ ಚಿಪ್ಪು ಹಳೆಯ ಇಕ್ಕಟ್ಟಿಗೇ ವಾಪಸು ಬಂದಿದೆ. ಇನ್ನೊಂದು ಸುದ್ದಿ ಇದಕ್ಕಿಂತ ಮುಖ್ಯ. ಒಮ್ಮೆ ಬಿಬಿಸಿ ಮೈಕ್ರೊ ಜೋಡಿಸುತ್ತಿದ್ದ, 1989ರಲ್ಲಿ ಬೆಂಕಿಗೆ ತುತ್ತಾಗಿ ಎದ್ದ ಅದೇ ಎಸ್‌ಸಿಎಲ್, 2025ರ ಮಾರ್ಚ್‌ನಲ್ಲಿ ಇಸ್ರೊಗೆ ವಿಕ್ರಮ್ 3201 ಎಂಬ 32 ಬಿಟ್ ಪ್ರೊಸೆಸರ್ ಒಪ್ಪಿಸಿತು. ರಾಕೆಟ್ಟಿನಲ್ಲಿ ಕೂರುವ ಚಿಪ್ಪು. ಅದರ ಏಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಇಸ್ರೊ ತಾನೇ ಬರೆದುಕೊಂಡಿದೆ. ಸಿ ಕಂಪೈಲರ್ ತಯಾರಾಗುತ್ತಿದೆ ಎಂದು ಆಗ ಪ್ರಕಟಿಸಿತು. ಚಿಪ್ಪು ಕೈಗೆ ಬಂದ ದಿನವೂ ಸಿ ಕಂಪೈಲರ್ ಬರೆಯುವ ಕೆಲಸ ಬಾಕಿ ಇದ್ದ ದೇಶದಲ್ಲಿ, ಆ ಕೆಲಸವನ್ನು ಶೋಕಿ ಎಂದು ಹುಡುಗರಿಗೆ ಹೇಳುತ್ತಿದ್ದೇವೆ.

ನಮ್ಮೂರಿನ ನಷ್ಟ ಇದಕ್ಕಿಂತ ಸಣ್ಣದು, ಆದರೆ ಕಣ್ಣೆದುರಿನದು. ಕೆಲವು ವರ್ಷದ ಹಿಂದೆ ಒಂದು ವೇಬ್ರಿಡ್ಜಿನ ಬೋರ್ಡು ನನ್ನ ಮೇಜಿಗೆ ಬಂತು. ತೂಕದ ಸೆನ್ಸರು ಬದಲಾಗಿತ್ತು, ಕೋಡಿನಲ್ಲಿ ಎರಡು ಸ್ಥಿರಾಂಕ ಬದಲಿಸಿದರೆ ಸಾಕಿತ್ತು. ಬೋರ್ಡು ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದರು. ಮೂಲ ಕೋಡ್ ಇರಲಿಲ್ಲ, ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಮೆಮೊರಿ ಮಾಡೆಲ್ ಎಂಬ ಒಂದು ಸಾಲೂ ಇರಲಿಲ್ಲ. ಚಿಪ್ಪಿಗೆ ಲಾಕ್ ಹಾಕಿದ್ದರಿಂದ ಒಳಗಿನದನ್ನು ಓದಲೂ ಆಗಲಿಲ್ಲ. ಚೆನ್ನಾಗಿದ್ದ ಬೋರ್ಡು ಗುಜರಿಗೆ ಹೋಯಿತು. ಭದ್ರಾವತಿಯ ಗುಜರಿ ಅಂಗಡಿಗಳಲ್ಲಿ ಝಡ್80, 8085 ಕೂತ ಇಂಥ ಬೋರ್ಡುಗಳು ಕೆ.ಜಿ. ಲೆಕ್ಕದಲ್ಲಿ ತೂಗಿ ಹೋಗುವುದನ್ನು ನೋಡಿದವರು ಈ ಊರಲ್ಲಿ ನಾನೊಬ್ಬನೇ ಅಲ್ಲ. ಯಂತ್ರ ಕೆಟ್ಟು ಹೋಗಿ ಸಾಯುವುದಕ್ಕಿಂತ ಟೂಲ್‌ಚೈನ್ ಕಳೆದು ಸಾಯುವುದೇ ಹೆಚ್ಚು.

ಹಾಗಾಗಿ ಈ ಲೇಖನ ಓದುವವರಲ್ಲಿ ಸಿ-ಡಾಟ್, ದೂರವಾಣಿ ಉಪಕರಣ ತಯಾರಿಸುವ ಐಟಿಐ, ಬಿಇಎಲ್, ಸಿಂಪ್ಯೂಟರ್ ಕೆಲಸಗಳಲ್ಲಿ ಇದ್ದು ನಿವೃತ್ತರಾದ ಮಲೆನಾಡಿನವರು ಇದ್ದರೆ ಅವರಲ್ಲಿ ಒಂದು ಕೋರಿಕೆ. ಕಟ್ಟಿದ್ದ ಟೂಲ್‌ಚೈನ್ ಯಾವುದು, ಹೊಂದಿಸಿದ್ದು ಹೇಗೆ, ಎಲ್ಲಿ ತಪ್ಪುತ್ತಿತ್ತು ಎಂದು ನಾಲ್ಕು ಪುಟ ಕನ್ನಡದಲ್ಲಿ ಬರೆದಿಡಿ. ಮೇಜಿನ ಡ್ರಾಯರಿನಲ್ಲಿ ಹಳೆಯ ಫ್ಲಾಪಿ, ಈಪ್ರಾಮು, ಪ್ರಿಂಟ್‌ಔಟ್ ಇದ್ದರೆ ಮಾರಬೇಡಿ, ಹತ್ತಿರದ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಕೊಡಿ. ಕಾಲೇಜಿನವರು ಅದನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಬಾರದು. ಒಂದು ಸೆಮಿಸ್ಟರಿನಲ್ಲಿ ಎರಡು ಲ್ಯಾಬು ಬಿಲ್ಡ್ ಬಟನ್ ಇಲ್ಲದೆ ನಡೆಸಿದರೆ, ಅದನ್ನು ಓದಬಲ್ಲ ಹುಡುಗರು ಅಲ್ಲೇ ತಯಾರಾಗುತ್ತಾರೆ.